ಗಡಿ ದಾಟಿದ ಕುಸ್ತಿ

ತೊಂಬತ್ತರ ದಶಕದಲ್ಲಿ ನನ್ನ ತರಗತಿಯ ಹುಡುಗರ ಚೀಲಗಳಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡುಗಳು ಸಿಗುತ್ತಿದ್ದವು. ಎಷ್ಟೋ ಕಟ್ಟುಗಳನ್ನು ಕಿತ್ತುಕೊಂಡಿದ್ದೇನೆ. ಅವುಗಳ ಹಿಂದೆ ಇಂಥದೊಂದು ಇತಿಹಾಸವಿದೆಯೆಂದು ಅಂದು ನನಗೂ ತಿಳಿದಿರಲಿಲ್ಲ.

1948ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವಾಟರ್ಲೂ ಪಟ್ಟಣದಲ್ಲಿ ಕೆಲವು ಕುಸ್ತಿ ಸಂಘಟಕರು ಒಕ್ಕೂಟವೊಂದನ್ನು ಕಟ್ಟಿಕೊಂಡರು. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂಬುದು ಅವರ ಒಡಂಬಡಿಕೆ. (ನಮ್ಮ ಪಾಳೆಯಗಾರರಿಗೂ ಇಷ್ಟು ಶಿಸ್ತಿರಲಿಲ್ಲ!) ನ್ಯೂಯಾರ್ಕ್ ಸುತ್ತಲಿನ ಈಶಾನ್ಯ ಸೀಮೆ ಮುಂದೆ ವಿನ್ಸೆಂಟ್ ಮೆಕ್‌ಮಹನ್ ಅವರದಾಯಿತು.

1982ರಲ್ಲಿ ಅವರ ಮಗ ವಿನ್ಸ್, ತಂದೆ ಮತ್ತು ಪಾಲುದಾರರಿಂದ ಸಂಸ್ಥೆಯನ್ನು ಕೊಂಡರು. ಕೇಬಲ್ ಟಿವಿಗೆ ಗಡಿಯೆಲ್ಲಿಯದು? ಪರಸೀಮೆಗಳ ಟಿವಿ ವೇಳೆಯನ್ನು ಕೊಂಡರು, ಅಲ್ಲಿನ ಮಲ್ಲರನ್ನು ಸೆಳೆದರು. ಮಿನೆಸೋಟದ ಸಂಸ್ಥೆಯಿಂದ ಹಲ್ಕ್ ಹೋಗನ್ ಬಂದರು. 1985ರ ಮಾರ್ಚ್ 31ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ಮೊದಲ ರೆಸಲ್‌ಮೇನಿಯಾವನ್ನು ದೇಶದ ನಾನಾ ಊರುಗಳ ಜನರು ಟಿಕೆಟ್ ಕೊಂಡು ಪರದೆಯ ಮೇಲೆ ನೋಡಿದರು. ಮುಹಮ್ಮದ್ ಅಲಿಯವರೂ ಅಂದು ತೀರ್ಪುಗಾರರಾಗಿದ್ದರು.

ಹಳೆಯ ಸಂಘಟಕರು ಒಬ್ಬೊಬ್ಬರಾಗಿ ಬಾಗಿಲು ಮುಚ್ಚಿದರು. ತನ್ನ ಉದ್ದೇಶ ತಿಳಿದಿದ್ದರೆ ತಂದೆ ಮಾರುತ್ತಲೇ ಇರಲಿಲ್ಲವೆಂದು ಮಗನೇ ಮುಂದೆ ಒಪ್ಪಿಕೊಂಡರು.

1989ರಲ್ಲಿ ಸರ್ಕಾರದ ನಿಯಂತ್ರಣ ತಪ್ಪಿಸಿಕೊಳ್ಳಲು ಸಂಸ್ಥೆಯೇ ನ್ಯೂಜೆರ್ಸಿ ಶಾಸಕರ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿತು. ಅದೇ ಮಾತನ್ನು ನಾನು ತರಗತಿಯಲ್ಲಿ ಹೇಳಿದಾಗ ನಿಮ್ಮಲ್ಲೊಬ್ಬರೂ ನಂಬಲಿಲ್ಲ.