ತೆರೆಯದ ಕನ್ನಡ ಕಡತ: ಅಳಿಸುವ ಮುನ್ನ ತಿಳಿಯಬೇಕಾದುದು

ಇಪ್ಪತ್ತು ವರ್ಷಗಳ ಹಿಂದೆ ಡಿಟಿಪಿ ಕೇಂದ್ರದಲ್ಲಿ ಬೆರಳಚ್ಚು ಮಾಡಿಸಿದ ವಿಭಾಗ ಪತ್ರದ ಕರಡನ್ನೋ ದೇವಾಲಯದ ಸ್ಮರಣ ಸಂಚಿಕೆಯನ್ನೋ ಮನೆತನದ ವಂಶಾವಳಿಯನ್ನೋ ಇಂದಿನ ಗಣಕದಲ್ಲಿ ತೆರೆದಾಗ, ಕನ್ನಡದ ಬದಲಿಗೆ ವಿಚಿತ್ರ ಚಿಹ್ನೆಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುವುದುಂಟು. ವೈರಸ್ ತಗುಲಿದೆಯೆಂದು ಭಾವಿಸಿ ಅಂತಹ ಕಡತವನ್ನು ಅಳಿಸಿಹಾಕುವವರೂ ಇದ್ದಾರೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಡತ ಕೆಟ್ಟಿರುವುದಿಲ್ಲ. ಅದನ್ನು ಓದಿಸುವ ಫಾಂಟ್ ಮಾತ್ರ ಆ ಗಣಕದಲ್ಲಿ ಇರುವುದಿಲ್ಲ.

ಕಾರಣವೇನು?

ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ಆದರೆ ಕಚೇರಿ ಮತ್ತು ಮುದ್ರಣಾಲಯಗಳಲ್ಲಿ ಅದರ ಬಳಕೆ ತಡವಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಪುಣೆಯ ಸಂಸ್ಥೆಯೊಂದರ 'ಶ್ರೀಲಿಪಿ' ಆ ಕಾಲದ ಪ್ರಮುಖ ತಂತ್ರಾಂಶಗಳು. ಇವುಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಹಾಗೂ ಯೂರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಲಾಗಿತ್ತು. ರಾಜ್ಯ ಸರ್ಕಾರವು ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ. ಅದಕ್ಕೂ ಮುಂಚಿನ ಕಡತಗಳಲ್ಲಿ ಹೆಚ್ಚಿನವು ಹಳೆಯ ಪದ್ಧತಿಯವೇ.

'ಗಂಜಾಂ' ಎಂಬ ಒಂದು ಪದ

ಶ್ರೀರಂಗಪಟ್ಟಣದ ಕೋಟೆಯ ಪೂರ್ವಕ್ಕಿರುವ, ನಿಮಿಷಾಂಬಾ ದೇವಾಲಯ ಹಾಗೂ ಟಿಪ್ಪುವಿನ ಗುಂಬಜ್‌ನಿಂದ ಪ್ರಸಿದ್ಧವಾದ ಗಂಜಾಂನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನುಡಿಯ ಹಳೆಯ ಪದ್ಧತಿಯಲ್ಲಿ ಈ ಹೆಸರು ಆರು ಸಂಕೇತಗಳಲ್ಲಿ ಅಡಗಿರುತ್ತದೆ. ಫಾಂಟ್ ಇಲ್ಲದ ಗಣಕದಲ್ಲಿ 'ಗ'ಕಾರವು ಇಂಗ್ಲಿಷಿನ ದೊಡ್ಡ 'ಯು' ಮತ್ತು ತಲೆಯ ಮೇಲೆ ಗೀಟಿರುವ 'ಎ' ಆಗಿ ಕಾಣುತ್ತದೆ. ಸೊನ್ನೆಯು ಬರಿಯ 'ಎ' ಆಗುತ್ತದೆ. 'ಜಾ' ಎಂಬುದು ಸಣ್ಣ 'ಇ' ಮತ್ತು ಗೀಟಿನ ಮತ್ತೊಂದು 'ಎ' ಆಗುತ್ತದೆ. ಯೂನಿಕೋಡಿನಲ್ಲಾದರೋ ಗ, ಸೊನ್ನೆ, ಜ, ದೀರ್ಘ, ಸೊನ್ನೆ ಎಂಬ ಐದು ಸ್ವತಂತ್ರ ಕನ್ನಡ ಸಂಕೇತಗಳಿರುತ್ತವೆ. ಆದ್ದರಿಂದಲೇ ಹಳೆಯ ಕಡತದಲ್ಲಿ ಊರಿನ ಹೆಸರಿದ್ದರೂ ಯೂನಿಕೋಡಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

ಪರಿಹಾರ ಕ್ರಮ

ಮೊದಲಿಗೆ ಕಡತದ ಒಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಬೇಕು, ಮೂಲವನ್ನು ಮುಟ್ಟಬಾರದು. ಅನಂತರ ಪ್ರತಿಯನ್ನು ವರ್ಡ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್‌ನಲ್ಲಿ ತೆರೆದು, ಅಕ್ಷರಗಳ ಮೇಲೆ ಕ್ಲಿಕ್ ಮಾಡಿ ಫಾಂಟ್ ಪಟ್ಟಿಯಲ್ಲಿ ಯಾವ ಹೆಸರು ಬರುತ್ತದೆಂಬುದನ್ನು ನೋಡಬೇಕು. 'ನುಡಿ', 'ಬಿಆರ್‌ಎಚ್' ಅಥವಾ 'ಶ್ರೀ' ಎಂದು ಆರಂಭವಾಗುವ ಹೆಸರು ಯಾವ ತಂತ್ರಾಂಶದ್ದೆಂಬುದನ್ನು ಸೂಚಿಸುತ್ತದೆ. ಆ ಫಾಂಟನ್ನು ಅಳವಡಿಸಿದೊಡನೆ ಕಡತ ಕನ್ನಡದಲ್ಲಿಯೇ ಕಾಣುತ್ತದೆ.

ಇದು ತಾತ್ಕಾಲಿಕ ಉಪಾಯ ಮಾತ್ರ. ಶಾಶ್ವತ ಪರಿಹಾರವೆಂದರೆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು. ಶ್ರೀಲಿಪಿಯ ಸಂಕೇತ ವ್ಯವಸ್ಥೆ ನುಡಿಯದಕ್ಕಿಂತ ಭಿನ್ನವಾದುದರಿಂದ ಒಂದರ ಪರಿವರ್ತಕ ಇನ್ನೊಂದಕ್ಕೆ ಒದಗುವುದಿಲ್ಲ. ಆಸ್ತಿಪತ್ರದಂತಹ ಖಾಸಗಿ ಬರಹಗಳನ್ನು ಅಪರಿಚಿತ ಜಾಲತಾಣಗಳಿಗೆ ಒಪ್ಪಿಸದೆ ಮನೆಯ ಗಣಕದಲ್ಲಿಯೇ ಪರಿವರ್ತಿಸುವುದು ಕ್ಷೇಮ.

ಪೇಜ್‌ಮೇಕರ್ ಕಡತಗಳ ಸಮಸ್ಯೆ ಬೇರೆ. 2001ರಲ್ಲಿ ಬಂದ 7.0 ಆವೃತ್ತಿಯೇ ಆ ತಂತ್ರಾಂಶದ ಕೊನೆಯದು. ಅದರ 6 ಮತ್ತು 7ನೇ ಆವೃತ್ತಿಗಳ ಕಡತಗಳನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದು ನೋಡಬಹುದು. ಪುಟವಿನ್ಯಾಸ ಕದಲಿದರೂ ಪಠ್ಯ ಉಳಿದೀತು.

ಪರಿಶೀಲನೆ ಅಗತ್ಯ

ಪರಿವರ್ತನೆಯಾದ ಮೇಲೆ ಮೂಲದೊಂದಿಗೆ ಹೋಲಿಸಿ ಓದಲೇಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು. ದೋಷಗಳು ಇಲ್ಲಿಯೇ ಹೆಚ್ಚು. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುವುದೂ ಉಂಟು. ಸರ್ವೆ ನಂಬರು, ಎಕರೆ, ಗುಂಟೆ, ದಿನಾಂಕಗಳನ್ನು ಒಂದೊಂದಾಗಿ ತಾಳೆ ನೋಡಬೇಕು.

ಕಾಗದದ ಪ್ರತಿ ಗೆದ್ದಲಿಗೆ ಆಹುತಿಯಾಗಿರುವ ಮನೆಗಳಲ್ಲಿ ಈ ಕಡತವೇ ಉಳಿದಿರುವ ಏಕೈಕ ದಾಖಲೆಯಾಗಿರಬಹುದು. ಓದಲು ಬಾರದ ಕಡತವೆಲ್ಲ ಹಾಳಾದ ಕಡತವಲ್ಲ ಎಂಬುದನ್ನು ಅಳಿಸುವ ಮುನ್ನ ನೆನೆಯುವುದು ಒಳಿತು.