ನೈತಿಕ ಕೇಡು ಮತ್ತು ದೇವರ ಅನುಮತಿ: ಕ್ರೈಸ್ತ ಚಿಂತನೆಯಲ್ಲಿ ಇಚ್ಛಾಸ್ವಾತಂತ್ರ್ಯವಾದದ ಬಲ ಮತ್ತು ಮಿತಿ

ಭೂಕಂಪ, ಬರ, ರೋಗಗಳಿಂದ ಒದಗುವ ಸಂಕಟ ಒಂದು ಬಗೆಯದು. ಕೊಲೆ, ವಂಚನೆ, ಚಿತ್ರಹಿಂಸೆ, ಗುಲಾಮಗಿರಿಗಳಂತೆ ಮನುಷ್ಯ ತಿಳಿದೂ ತಿಳಿದೂ ಎಸಗುವ ಕೇಡು ಇನ್ನೊಂದು ಬಗೆಯದು. ಈ ಎರಡನೆಯದನ್ನು ತತ್ತ್ವಶಾಸ್ತ್ರ ನೈತಿಕ ಕೇಡು ಎಂದು ಕರೆಯುತ್ತದೆ. ಎಲ್ಲವನ್ನೂ ಶೂನ್ಯದಿಂದ ಸೃಷ್ಟಿಸಿದ, ಸರ್ವಶಕ್ತನೂ ಪ್ರೀತಿಸ್ವರೂಪನೂ ಆದ ದೇವರನ್ನು ಒಪ್ಪುವ ಕ್ರೈಸ್ತ ಮತಕ್ಕೆ ಇದು ಬಹಳ ತೊಡಕಿನ ಪ್ರಶ್ನೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಈಶ್ವರನ ಮೇಲೆ ಪಕ್ಷಪಾತ ಮತ್ತು ನಿರ್ದಯತೆಯ ಆಕ್ಷೇಪ ಬಂದಾಗ, ಆತ ಜೀವಿಗಳ ಕರ್ಮವನ್ನು ಅನುಸರಿಸಿ ನಡೆಯುತ್ತಾನೆ, ಸಂಸಾರ ಅನಾದಿ ಎಂದು ಶಂಕರರ ಭಾಷ್ಯ ಸಮಾಧಾನ ಹೇಳುತ್ತದೆ. ಮಧ್ವರು ಜೀವರ ಸ್ವಭಾವದಲ್ಲೇ ತಾರತಮ್ಯವನ್ನು ಕಾಣುತ್ತಾರೆ. ಹಿಂದಿನ ಜನ್ಮವನ್ನಾಗಲಿ ಅನಾದಿ ಜೀವವನ್ನಾಗಲಿ ಒಪ್ಪದ ಕ್ರೈಸ್ತ ಸಿದ್ಧಾಂತಕ್ಕೆ ಈ ದಾರಿಗಳಿಲ್ಲ. ಅಲ್ಲಿ ಪ್ರಶ್ನೆ ನೇರವಾಗಿ ಸೃಷ್ಟಿಕರ್ತನ ಮುಂದೆಯೇ ಹೋಗಿ ನಿಲ್ಲುತ್ತದೆ.

ಇದಕ್ಕೆ ಪಾಶ್ಚಾತ್ಯ ಕ್ರೈಸ್ತ ಲೋಕ ಇಂದಿಗೂ ಆಧರಿಸಿರುವ ಉತ್ತರವನ್ನು ರೂಪಿಸಿದವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಸಂತ ಅಗಸ್ಟೀನ (354–430). ಯೌವನದಲ್ಲಿ ಸುಮಾರು ಒಂಬತ್ತು ವರ್ಷ ಆತ ಮಾನಿ ಪಂಥದವರ ಜೊತೆಗಿದ್ದ. ಬೆಳಕು, ಕತ್ತಲೆ ಎಂಬ ಎರಡು ಅನಾದಿ ಶಕ್ತಿಗಳ ಹೋರಾಟವೇ ಲೋಕ ಎಂದು ಆ ಪಂಥ ನಂಬಿತ್ತು. ಅದರಿಂದ ಕೇಡಿಗೇನೋ ವಿವರಣೆ ಸಿಕ್ಕಿತು, ಆದರೆ ದೇವರ ಸರ್ವಶಕ್ತಿ ಉಳಿಯಲಿಲ್ಲ. ಮತಾಂತರದ ಬಳಿಕ ರೋಮಿನಲ್ಲಿ ಆರಂಭಿಸಿ ಆಫ್ರಿಕದಲ್ಲಿ ಮುಗಿಸಿದ, ಇಚ್ಛಾಸ್ವಾತಂತ್ರ್ಯ ಕುರಿತ ಸಂವಾದಗ್ರಂಥದಲ್ಲಿ ಆತ ಬೇರೆ ದಾರಿ ಹಿಡಿದ. ಕೇಡಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಇರಬೇಕಾದ ಒಳಿತಿನ ಕೊರತೆ. ಇಚ್ಛೆ ಮೇಲಿನ ಒಳಿತನ್ನು ಬಿಟ್ಟು ಕೆಳಗಿನದಕ್ಕೆ ತಿರುಗಿದಾಗ ಆ ಕೊರತೆ ಹುಟ್ಟುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಪೇರುಹಣ್ಣು ಕದ್ದು ಹಂದಿಗಳಿಗೆ ಎಸೆದ ಪ್ರಸಂಗವನ್ನು ಆತ ಆತ್ಮಕಥನದ ಎರಡನೆಯ ಭಾಗದಲ್ಲಿ ಅಷ್ಟೊಂದು ಬೆಳೆಸುವುದಕ್ಕೆ ಕಾರಣವಿದೆ. ಹಸಿವಿರಲಿಲ್ಲ, ಲಾಭವೂ ಇರಲಿಲ್ಲ, ತಪ್ಪೇ ರುಚಿಸಿತ್ತು. ಒಳ್ಳೆಯದಾಗಿಯೇ ಸೃಷ್ಟಿಯಾದ ಇಚ್ಛೆ ಮೊದಲ ಬಾರಿ ತಿರುಗಿದ್ದೇಕೆ ಎಂಬುದಕ್ಕೆ ಮಾತ್ರ ಆತನಲ್ಲೂ ಉತ್ತರವಿಲ್ಲ. ಅದಕ್ಕೆ ಕಾರಣ ಹುಡುಕುವುದೇ ವ್ಯರ್ಥವೆಂದು ಮುಂದೆ ‘ದೇವನಗರ’ ಗ್ರಂಥದಲ್ಲಿ ಆತನೇ ಒಪ್ಪಿಕೊಳ್ಳುತ್ತಾನೆ.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ದೇವರು ನೈತಿಕ ಕೇಡನ್ನು ಇಚ್ಛಿಸುವುದಿಲ್ಲ, ಅನುಮತಿಸುತ್ತಾನಷ್ಟೆ ಎಂದು ಗೆರೆ ಎಳೆದ. ದೇವರ ಇಚ್ಛೆಯಿಲ್ಲದೆ ಏನೂ ನಡೆಯದಾದ್ದರಿಂದ ಈ ಗೆರೆಯ ಆಸರೆ ದೇವರಿಗೆ ಬೇಕಿಲ್ಲ ಎಂಬುದು ಸುಧಾರಣಾ ಪಂಥದ ಕ್ಯಾಲ್ವಿನ್‌ನ ವಾದ.

ಪ್ರಶ್ನೆಗೆ ಆಧುನಿಕ ತರ್ಕದ ಮೊನೆ ಬಂದದ್ದು 1955ರಲ್ಲಿ, ತತ್ತ್ವಜ್ಞಾನಿ ಜೆ.ಎಲ್. ಮ್ಯಾಕಿಯ ಪ್ರಬಂಧದಿಂದ. ಮನುಷ್ಯ ಒಮ್ಮೆ ಸ್ವತಂತ್ರನಾಗಿ ಒಳಿತನ್ನು ಆರಿಸಬಲ್ಲನಾದರೆ ಸದಾ ಹಾಗೆಯೇ ಆರಿಸುವುದರಲ್ಲಿ ತಾರ್ಕಿಕ ವಿರೋಧವೇನಿಲ್ಲ. ಅಂಥವರನ್ನೇ ಸರ್ವಶಕ್ತ ಏಕೆ ಸೃಷ್ಟಿಸಲಿಲ್ಲ? ಅಮೆರಿಕದ ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಇದಕ್ಕೆ ಕೊಟ್ಟ ಉತ್ತರ ಸೂಕ್ಷ್ಮವಾದದ್ದು. ನಿಜಕ್ಕೂ ಸ್ವತಂತ್ರವಾದ ಆಯ್ಕೆಯ ಫಲವನ್ನು ಆರಿಸಿದವನೇ ನಿರ್ಧರಿಸುತ್ತಾನೆ, ಸೃಷ್ಟಿಸಿದವನಲ್ಲ. ಸೃಷ್ಟಿಸಬಹುದಾದ ಪ್ರತಿಯೊಬ್ಬ ಸ್ವತಂತ್ರ ಜೀವಿಯೂ ಯಾವ ಸನ್ನಿವೇಶದಲ್ಲಿಟ್ಟರೂ ಒಮ್ಮೆಯಾದರೂ ತಪ್ಪುವಂಥವನೇ ಆಗಿರುವುದು ಸಾಧ್ಯ. ಹಾಗಿದ್ದರೆ ನೈತಿಕ ಒಳಿತಿರುವ, ಆದರೆ ನೈತಿಕ ಕೇಡಿಲ್ಲದ ಲೋಕವನ್ನು ಸೃಷ್ಟಿಸುವುದು ದೇವರ ಕೈಯಲ್ಲೂ ಇಲ್ಲ. ವಸ್ತುಸ್ಥಿತಿ ಹೀಗೇ ಇದೆಯೆಂದು ಪ್ಲಾಂಟಿಂಗ ಹೇಳುವುದಿಲ್ಲ. ವಿರೋಧಾಭಾಸದ ಆರೋಪವನ್ನು ತೊಡೆಯಲು ಅಂಥ ಸಾಧ್ಯತೆಯೊಂದೇ ಸಾಕು. ಪ್ಲಾಂಟಿಂಗನ ವಾದ ಒಪ್ಪಿಗೆಯಾಗದಿದ್ದರೂ, ಆಸ್ತಿಕ ಸಿದ್ಧಾಂತ ತಾರ್ಕಿಕವಾಗಿ ಅಸಂಗತವೆಂದು ಕೇಡಿನ ಸಮಸ್ಯೆ ಸಾಧಿಸಲಾರದೆಂದು ಮ್ಯಾಕಿ 1982ರ ಕೃತಿಯಲ್ಲಿ ಒಪ್ಪಿದ. ಆದರೂ ಒಂದು ಮುಳ್ಳು ಉಳಿಯಿತು. ಸ್ವರ್ಗದಲ್ಲಿರುವವರು ಸ್ವತಂತ್ರರೂ ಹೌದು, ಪಾಪ ಮಾಡಲಾರದವರೂ ಹೌದು ಎಂದು ಅಗಸ್ಟೀನನೇ ಬರೆದಿದ್ದಾನೆ. ಆ ಸ್ವಾತಂತ್ರ್ಯವನ್ನು ಮೊದಲೇ ಕೊಡಬಹುದಿತ್ತಲ್ಲ!

ದೇವತಾಶಾಸ್ತ್ರಜ್ಞ ಜಾನ್ ಹಿಕ್ 1966ರಲ್ಲಿ ಎರಡನೆಯ ಶತಮಾನದ ಐರೇನಿಯಸ್‌ನ ಚಿಂತನೆಯಿಂದ ಇದಕ್ಕೆ ಉತ್ತರ ತಂದ. ಮನುಷ್ಯ ಪಕ್ವನಾಗಿ ಸೃಷ್ಟಿಯಾಗಲಿಲ್ಲ. ಆಯ್ಕೆ, ಸೋಲು, ಸಂಕಟಗಳ ನಡುವೆ ಆತ್ಮ ರೂಪುಗೊಳ್ಳಬೇಕು. ಶಿಕ್ಷಣವಾಗಿ ಇದು ಒಪ್ಪತಕ್ಕದ್ದೇ. ಆದರೆ ನಾಜಿಗಳ ಸಾವಿನ ಶಿಬಿರವಾದ ಆಶ್‌ವಿಟ್ಸ್ ಯಾರನ್ನೂ ರೂಪಿಸಲು ಕಟ್ಟಿದ ಶಾಲೆಯಲ್ಲ. ಹಿಕ್ ಕೂಡ ಆ ರೂಪಣೆಯನ್ನು ಸಾವಿನ ಆಚೆಗೆ ಚಾಚಬೇಕಾಯಿತು.

ಸ್ವಾತಂತ್ರ್ಯವಾದದ ನಿಜವಾದ ಮಿತಿ ಇರುವುದು ತರ್ಕದಲ್ಲಲ್ಲ, ನ್ಯಾಯದಲ್ಲಿ. ಸ್ವಾತಂತ್ರ್ಯವನ್ನು ಅನುಭವಿಸುವವನು ಕೇಡಿಗ, ಅದರ ಬೆಲೆ ತೆರುವವನು ಬಲಿಪಶು. ದಸ್ತಯೇವ್‌ಸ್ಕಿಯ ಕೊನೆಯ ಕಾದಂಬರಿಯಲ್ಲಿ ಇವಾನ್ ಕರಮಜೋವ್ ಪೀಡಿತ ಮಕ್ಕಳ ಕಥೆಗಳನ್ನು ಮುಂದಿಟ್ಟು, ಯಾವ ಮುಂದಿನ ಸಾಮರಸ್ಯಕ್ಕೂ ಈ ಬೆಲೆಯನ್ನು ಒಪ್ಪೆನೆನ್ನುವುದು ಇದೇ ಕಾರಣಕ್ಕೆ. ಒಳಿತು ಬರಲೆಂದು ಕೇಡು ಮಾಡಬಹುದೆಂಬ ವಾದವನ್ನು ಪೌಲನೂ ರೋಮಾಪುರದವರಿಗೆ ಬರೆದ ಪತ್ರದಲ್ಲಿ ತಳ್ಳಿಹಾಕಿದ್ದಾನೆ. ಆದ್ದರಿಂದ ಒಟ್ಟು ಲಾಭನಷ್ಟದ ಲೆಕ್ಕ ಕ್ರೈಸ್ತ ಉತ್ತರವಾಗಲಾರದು. ಆದಿಕಾಂಡದ ಯೋಸೇಫನ ಕಥೆಯಲ್ಲೂ ಅಣ್ಣಂದಿರ ದ್ರೋಹ ದ್ರೋಹವಾಗಿಯೇ ಉಳಿಯುತ್ತದೆ; ಅದನ್ನು ದೇವರು ಪ್ರಾಣರಕ್ಷಣೆಗೆ ತಿರುಗಿಸಿದ್ದು ಅವರ ತಪ್ಪನ್ನು ಅಳಿಸುವುದಿಲ್ಲ.

ಈ ತಿಳಿವಿನಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಚಿಂತಕರು ಅನುಮತಿಯ ಕಾರಣಕ್ಕಿಂತ ದೇವರು ಕೇಡಿನೊಡನೆ ಏನು ಮಾಡುತ್ತಾನೆ ಎಂಬುದರತ್ತ ಗಮನ ಹರಿಸಿದರು. 1943ರ ಹ್ಯಾಂಬರ್ಗ್ ಬಾಂಬ್ ದಾಳಿಯಲ್ಲಿ ಬದುಕುಳಿದು, ಯುದ್ಧಕೈದಿಯಾಗಿದ್ದಾಗ ನಂಬಿಕೆ ಕಂಡುಕೊಂಡ ಯೂರ್ಗೆನ್ ಮೋಲ್ಟ್‌ಮನ್, ದೇವರು ಶಿಲುಬೆಯಲ್ಲಿ ಬಲಿಪಶುವಿನ ಪಾಲನ್ನು ತಾನೇ ಹೊತ್ತನೆಂದು 1972ರಲ್ಲಿ ವಾದಿಸಿದರು. ಮೆರಿಲಿನ್ ಆಡಮ್ಸ್ 1999ರ ಕೃತಿಯಲ್ಲಿ ಇನ್ನೂ ಕಠಿಣವಾದ ಅಳತೆಗೋಲು ಹಿಡಿದರು: ಲೋಕ ಒಟ್ಟಾರೆ ಒಳ್ಳೆಯದಾದರೆ ಸಾಲದು, ಘೋರ ಕೇಡಿಗೆ ಸಿಕ್ಕ ಪ್ರತಿಯೊಬ್ಬರ ಬಾಳೂ ಅವರವರಿಗೇ ಬಾಳತಕ್ಕದ್ದಾಗಬೇಕು. ಬದುಕಿನ ಅರ್ಥವನ್ನೇ ನಾಶಮಾಡುವ ಕೇಡನ್ನು ದೇವರೊಡನೆಯ ಸಾಮೀಪ್ಯವಲ್ಲದೆ ಬೇರೇನೂ ಗೆಲ್ಲಲಾರದು. ಸತ್ತ ಬಲಿಪಶುವಿಗೂ ಆ ಸಾಮೀಪ್ಯ ದಕ್ಕಬೇಕಾದರೆ ಪುನರುತ್ಥಾನ ಬೇಕು. ಹೀಗೆ ವಾದ ಸಾಕ್ಷ್ಯದಿಂದ ನಂಬಿಕೆಗೆ ದಾಟುವುದನ್ನು ಮರೆಮಾಚುವಂತಿಲ್ಲ.

ಈ ಅಳತೆಗೋಲು ಕೇಡಿಗನಿಗೂ ಅನ್ವಯಿಸುತ್ತದೆ, ಏಕೆಂದರೆ ಘೋರ ಕೃತ್ಯ ಎಸಗಿದವನ ಬಾಳೂ ಹಾಳಾಗಿರುತ್ತದೆ. ಆಡಮ್ಸ್ ಹಿಂಜರಿಯದೆ ಎಲ್ಲರಿಗೂ ರಕ್ಷಣೆಯುಂಟು ಎಂಬ ನಿಲುವು ತಳೆದರು. ಅಗಸ್ಟೀನನ ಪರಂಪರೆಯ ಸಭೆಗಳು ಅದನ್ನು ಒಪ್ಪುವುದಿಲ್ಲ. ಮನುಷ್ಯ ದೇವರಿಗೆ ಹೇಳುವ ‘ಒಲ್ಲೆ’ ಎಂಬ ಮಾತಿಗೆ ಅನಂತಕಾಲದ ಬೆಲೆಯಿರಬಹುದಾದರೆ ಪ್ರತಿ ಬಾಳೂ ನೇರ್ಪಡುತ್ತದೆಂದು ಹೇಳಲಾಗದು. ಪ್ರತಿ ಬಾಳೂ ನೇರ್ಪಡಲೇಬೇಕಾದರೆ ಆ ‘ಒಲ್ಲೆ’ ಎಂದಾದರೊಮ್ಮೆ ಕರಗಲೇಬೇಕು. ಇಂದಿನ ಕ್ರೈಸ್ತ ದೇವತಾಶಾಸ್ತ್ರದ ಚರ್ಚೆ ನಿಂತಿರುವುದು ಈ ಇಕ್ಕಟ್ಟಿನಲ್ಲಿ.