82 ಗಜ

ಜೋರು ಮಳೆ ಬರುವಂತಿದ್ದರೆ ಮಕ್ಕಳನ್ನು ಮನೆಗೆ ಬಿಡಬೇಕೇ, ಶಾಲೆಯಲ್ಲೇ ಕೂರಿಸಿಕೊಳ್ಳಬೇಕೇ? ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಪ್ರತಿ ಮಳೆಗಾಲವೂ ಇದೇ ಚಿಂತೆ. ಅದಕ್ಕೇ ಇರಬೇಕು, 1888ರ ಜನವರಿ 12ರಂದು ಅಮೆರಿಕದ ನಡುಬಯಲಿನಲ್ಲಿ ನಡೆದ ಸಂಗತಿ ಓದಿದ ಮೇಲೆ ಮನಸ್ಸಿನಿಂದ ಹೋಗಲೇ ಇಲ್ಲ.

1862ರ ಕಾನೂನಿನಂತೆ ಅಲ್ಲಿ ಬಂದು ನೆಲೆಸಿ ಉತ್ತವರಿಗೆ 160 ಎಕರೆ ಜಮೀನು ಸಿಗುತ್ತಿತ್ತು. ಯುರೋಪಿನಿಂದ ಬಂದ ಎಷ್ಟೋ ಬಡವರು ನೆಬ್ರಾಸ್ಕ, ಡಕೋಟಾಗಳಲ್ಲಿ ಮನೆ ಕಟ್ಟಿಕೊಂಡರು. ಆ ಬಯಲಿನ ಸ್ವಭಾವ ಅವರಿಗೆ ಹೊಸದು. ಪಶ್ಚಿಮಕ್ಕೆ ರಾಕಿ ಪರ್ವತ. ಉತ್ತರದ ಗಾಳಿಗಾಗಲಿ ದಕ್ಷಿಣದ ಗಾಳಿಗಾಗಲಿ ಅಡ್ಡ ನಿಲ್ಲುವ ಬೆಟ್ಟಸಾಲಿಲ್ಲ. ಚಳಿಗಾಲದಲ್ಲಿ ರಾಕಿಯ ಪೂರ್ವ ಮಗ್ಗುಲಲ್ಲಿ ವಾಯುಭಾರ ಕುಸಿದರೆ, ಮೊದಲು ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ, ತೇವದ ಗಾಳಿ ಬಯಲಿಗೆ ಬರುತ್ತದೆ. ಅದರ ಬೆನ್ನಿಗೇ ಕೆನಡಾದ ಕೊರೆಯುವ ಗಾಳಿ. ಭಾರವಾದ ಈ ತಣ್ಣನೆಯ ಗಾಳಿ ಬೆಚ್ಚನೆಯದನ್ನು ಮೇಲಕ್ಕೆತ್ತಿದಾಗ ತೇವವೆಲ್ಲ ಹಿಮವಾಗಿ ಉದುರುತ್ತದೆ. ಬಿರುಗಾಳಿಗೆ ಮುಂಚೆ ಹಿತವಾದ ಹವೆ ಬೀಸಿ ಜನರನ್ನು ಮರುಳು ಮಾಡುವುದು ಹೀಗೆ.

ಅಂದು ಬೆಳಿಗ್ಗೆಯೂ ಹಾಗೇ ಆಯಿತು. ಎಷ್ಟೋ ಮಕ್ಕಳು ದಪ್ಪ ಕೋಟಿಲ್ಲದೆ ಶಾಲೆಗೆ ಬಂದಿದ್ದರು. ಹವಾಮಾನದ ಮುನ್ಸೂಚನೆ ಆಗ ಸೇನೆಯ ಒಂದು ವಿಭಾಗದ ಕೆಲಸ. ತಂತಿಯಲ್ಲಿ ಹೊರಟ ಎಚ್ಚರಿಕೆ ದೂರದ ಹೊಲಮನೆಗಳನ್ನು ಮುಟ್ಟಲಿಲ್ಲ. ಹಿಟ್ಟಿನಂಥ ಹಿಮದ ಪುಡಿ ಎದ್ದು ಬಂದಾಗ ಚಾಚಿದ ಕೈಯೇ ಕಾಣದಾಯಿತು.

ನೆಬ್ರಾಸ್ಕದಲ್ಲಿ ಮಿನ್ನೀ ಫ್ರೀಮನ್ ಎಂಬ ಟೀಚರ್ ಪಾಠ ಹೇಳುತ್ತಿದ್ದ ಶಾಲೆಯ ಚಾವಣಿ ಕಿತ್ತುಹೋಯಿತು. ಆಕೆ ಮಕ್ಕಳನ್ನೆಲ್ಲ ಕರೆದುಕೊಂಡು ಒಂದು ಮನೆ ಸೇರಿದಳು. ಅವಳ ಧೈರ್ಯದ ಮೇಲೆ ಹಾಡು ಕಟ್ಟಿದರು. ಅದೇ ನೆಬ್ರಾಸ್ಕದ ಪ್ಲೇನ್‌ವ್ಯೂ ಬಳಿ ಲೋಯಿಸ್ ರಾಯ್ಸ್ ಎಂಬ ಟೀಚರ ಶಾಲೆಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಉರುವಲು ಮುಗಿಯಿತು. ಮೂವರು ಮಕ್ಕಳನ್ನು ಕರೆದುಕೊಂಡು ತಾನು ತಂಗಿದ್ದ ಮನೆಗೆ ಹೊರಟಳು. ದೂರ ಬರೀ 82 ಗಜ. ದಾರಿ ತಪ್ಪಿತು. ಒಂಬತ್ತು ವರ್ಷದ ಇಬ್ಬರು ಹುಡುಗರು, ಆರು ವರ್ಷದ ಒಂದು ಹುಡುಗಿ ಚಳಿಗೆ ಸತ್ತುಹೋದರು. ಆಕೆ ಬದುಕಿದಳು, ಆದರೆ ಪಾದಗಳನ್ನು ಕತ್ತರಿಸಬೇಕಾಯಿತು. ಆ ಬಿರುಗಾಳಿಯಲ್ಲಿ ಸತ್ತವರು ಸುಮಾರು 235 ಮಂದಿ ಎನ್ನುತ್ತಾರೆ.

ಇಬ್ಬರೂ ಮಾಡಿದ್ದು ಒಂದೇ ಕೆಲಸ ಅಲ್ಲವೇ? ನಾನೂ ಒಮ್ಮೆ ಮೋಡ ಕಂಡು ಆಚೆ ದಡದ ಹುಡುಗಿಯರನ್ನು ಬೇಗ ಮನೆಗೆ ಕಳಿಸಿದ್ದೆ. ಅವರು ದಾಟಿದ ಮೇಲೆ ಹಳ್ಳ ತುಂಬಿ ಬಂತು. "ಟೀಚರಮ್ಮ ಸರಿಯಾದ ಹೊತ್ತಿಗೆ ಬಿಟ್ಟರು" ಎಂದು ಊರೆಲ್ಲ ಹೊಗಳಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳ್ಳ ಅರ್ಧ ಗಂಟೆ ಮುಂಚೆ ಬಂದಿದ್ದರೆ?